ಬೆಂಗಳೂರು ಎಲ್ಲದರಿ?

ವೀಕ್ಷಕರೇ, ಇವತ್ತು ರಾಜಕೀಯ ಬೇಡ. ಯಾರು ಯಾರನ್ನ ಬೈದರು, ಯಾರು ಯಾವ ಪಕ್ಷಕ್ಕೆ ಹಾರಿದರು ಅನ್ನೋದನ್ನ ನಾಳೆ ನೋಡೋಣ. ಇವತ್ತು ನನ್ನ ಮುಂದೆ ಇರೋದು ಒಂದೇ ಒಂದು ಪ್ರಶ್ನೆ. ಅದು ನನ್ನ ಪ್ರಶ್ನೆಯೂ ಅಲ್ಲ. ಕಲಬುರಗಿ ಕಡೆಯ ಒಬ್ಬ ಹಿರಿಯರು ಕೇಳಿದ್ದು.

ಕೆಲ ಕಾಲದ ಹಿಂದೆ ನಾನು ದೆಹಲಿಯಿಂದ ಬಂದು ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಇಳಿದಿದ್ದೆ. ಮಧ್ಯಾಹ್ನ ಕಳೆದಿತ್ತು. ಹೊರಗೆ ಬರ್ತಾ ಇದ್ದ ಹಾಗೆ ಒಬ್ಬರು ಕೈ ಮುಗಿದು ಎದುರಿಗೆ ನಿಂತರು. ಬಿಳಿ ಧೋತರ, ತಲೆಗೆ ರುಮಾಲು, ಕೈಯಲ್ಲಿ ಬಟ್ಟೆಯ ಚೀಲ. ಪಕ್ಕದಲ್ಲಿ ಸುಸ್ತಾಗಿದ್ದ ಹೆಂಡತಿ. "ಸರ, ನೀವು ಟಿವ್ಯಾಗ ಬರ್ತೀರಲ್ರಿ?" ಅಂದರು. ಹೌದು ಅಂದೆ. ಮಾತು ಶುರುವಾಯ್ತು. ಮರುದಿನ ಬೆಳಿಗ್ಗೆ ಹೆಂಡತಿಯನ್ನ ಇಲ್ಲಿನ ಆಸ್ಪತ್ರೆಗೆ ತೋರಿಸಬೇಕು. ಆಕೆಗೆ ರೈಲಿನಲ್ಲಿ ರಾತ್ರಿಯೆಲ್ಲ ಕೂತು ಬರೋದಕ್ಕೆ ಆಗಲ್ಲ ಅಂತ ಮಗ ವಿಮಾನದ ಟಿಕೆಟ್ ಮಾಡಿಸಿದ್ದ. ಜೀವನದಲ್ಲಿ ಮೊದಲ ಸಲ ಹತ್ತಿದ್ದು. ಒಂದು ಗಂಟೆ ಚಿಲ್ಲರೆಯಲ್ಲಿ ತಂದು ಇಳಿಸಿದರು. ಮೊಮ್ಮಗ ಮೆಜೆಸ್ಟಿಕ್‌ನಲ್ಲಿ ಕಾಯ್ತಾನೆ. ಇಷ್ಟು ಹೇಳಿ, ಸುತ್ತಲೂ ಇದ್ದ ಗಾಜು, ಗಿಡ, ಕಾರುಗಳ ಸಾಲು ಎಲ್ಲವನ್ನೂ ಒಮ್ಮೆ ನೋಡಿ ಕೇಳಿದರು: "ಬೆಂಗಳೂರು ಬಂತು ಅಂತ ಇಳಿಸ್ಯಾರ. ಬೆಂಗಳೂರು ಎಲ್ಲದರಿ?"

ನಕ್ಕುಬಿಟ್ಟೆ. ಆಮೇಲೆ ನಗು ನಿಂತುಹೋಯ್ತು. ಯಾಕಂದ್ರೆ ಉತ್ತರ ನನ್ನ ಹತ್ತಿರ ಇರಲಿಲ್ಲ. ಬೆಂಗಳೂರು ಅಲ್ಲಿಂದ ಮೂವತ್ತೈದು ಕಿಲೋಮೀಟರ್ ದೂರ. ಅದನ್ನ ಅವರಿಗೆ ಯಾರೂ ಹೇಳಿಲ್ಲ. ಟಿಕೆಟ್ ಮೇಲೂ ಬರೆದಿಲ್ಲ. ಅಷ್ಟರಲ್ಲಿ ಒಬ್ಬ ಬಂದು "ಟ್ಯಾಕ್ಸಿ ಬೇಕಾ, ಮೂರು ಸಾವಿರ ಕೊಡಿ" ಅಂದ. ಹಿರಿಯರು ಹೌಹಾರಿದರು. ನನ್ನನ್ನು ಕರೆದೊಯ್ಯೋಕೆ ಆಫೀಸಿನ ಕಾರು ಬಂದಿತ್ತು. ವಾಪಸ್ ಕಳಿಸಿದೆ. "ಬನ್ನಿ ಯಜಮಾನ್ರೇ, ನಾನೂ ಬಸ್ಸಲ್ಲೇ ಬರ್ತೀನಿ" ಅಂದೆ. ಬಿಎಂಟಿಸಿಯ ವಾಯುವಜ್ರ ಹತ್ತಿದೆವು. ಇದು ಆ ಬಸ್ಸಿನಲ್ಲಿ ನಾನು ಅವರಿಗೆ ಹೇಳಿದ ಕಥೆ. ಸ್ವಲ್ಪ ಅವರು ನನಗೆ ಹೇಳಿದ್ದೂ ಇದೆ.

ಬಸ್ಸು ಹೊರಟ ಸ್ವಲ್ಪ ಹೊತ್ತಿಗೆ ಕೆಂಪೇಗೌಡರ ದೊಡ್ಡ ಪ್ರತಿಮೆ ಕಂಡಿತು. 108 ಅಡಿ. 2022ರ ನವೆಂಬರ್ 11ರಂದು ಅನಾವರಣ ಆಗಿದ್ದು. ನಿಲ್ದಾಣದ ಎರಡನೇ ಟರ್ಮಿನಲ್ ಉದ್ಘಾಟನೆಯೂ ಅವತ್ತೇ. ಹಿರಿಯರು ಕೈ ಮುಗಿದರು. "ಇವರು ಬೆಂಗಳೂರು ಕಟ್ಟಿದವರಲ್ರಿ? ಮತ್ತ ಇಷ್ಟು ದೂರ ಯಾಕ ನಿಲ್ಲಿಸ್ಯಾರ?" ಅಂದರು.

ನೋಡಿ, ಎಂಥ ಪ್ರಶ್ನೆ! ನಾನು ಹೇಳಿದೆ: "ದೂರ ಅಲ್ಲ ಯಜಮಾನ್ರೇ. ಇದು ಅವರ ಮೂಲದ ಊರಿನ ಹತ್ತಿರವೇ."

ನಮ್ಮಲ್ಲಿ ಬಹಳ ಜನಕ್ಕೆ ಇದು ಗೊತ್ತಿಲ್ಲ. ದೇವನಹಳ್ಳಿ ದಾಟಿ ಉತ್ತರಕ್ಕೆ ಸ್ವಲ್ಪ ದೂರ ಹೋದರೆ ಆವತಿ ಅಂತ ಒಂದು ಊರು. ಹೆದ್ದಾರಿಯಲ್ಲಿ ಚಿಕ್ಕಬಳ್ಳಾಪುರಕ್ಕೆ ಹೋಗುವವರು ಅದರ ಪಕ್ಕದಲ್ಲೇ ಹೋಗ್ತಾರೆ, ತಿರುಗಿ ಕೂಡ ನೋಡಲ್ಲ. ಜನ ಹೇಳಿಕೊಂಡು ಬಂದ ಕಥೆ ಹೀಗಿದೆ. ಕಂಚಿಯ ಕಡೆಯಿಂದ ಏಳು ಜನ ಅಣ್ಣತಮ್ಮಂದಿರು, ಮನೆಯ ಹೆಣ್ಣುಮಗಳ ಮಾನ ಉಳಿಸೋದಕ್ಕೆ, ರಾತ್ರೋರಾತ್ರಿ ಗಾಡಿ ಕಟ್ಟಿಕೊಂಡು ಹೊರಟರು. ಪಾಲಾರ್ ನದಿ ದಾಟಿ ಬಂದು ನಂದಿಬೆಟ್ಟದ ಸೀಮೆಯಲ್ಲಿ ಎತ್ತು ಬಿಚ್ಚಿದರು. ಮುಂದಾಳು ರಣಭೈರೇಗೌಡ. ನೆಲೆ ನಿಂತಿದ್ದು ಆವತಿಯಲ್ಲಿ. ಅವರ ವಂಶದ ಒಂದು ಕವಲು ದಕ್ಷಿಣಕ್ಕೆ ಇಳಿದು ಯಲಹಂಕದ ನಾಡಪ್ರಭುಗಳಾದರು. ಆ ಕವಲಲ್ಲಿ ಬಂದ ಕೆಂಪೇಗೌಡರು 1537ರಲ್ಲಿ ಯಲಹಂಕದಿಂದ ಇನ್ನೂ ದಕ್ಷಿಣಕ್ಕೆ ಬಂದು ಬೆಂಗಳೂರಿನ ಕೋಟೆ ಪೇಟೆ ಕಟ್ಟಿದರು. ಅದೇ ಆವತಿಯ ಮನೆತನದ ಇನ್ನೊಂದು ಕವಲಿನ ಮಲ್ಲಭೈರೇಗೌಡರು 1501ರಲ್ಲಿ ದೇವನಹಳ್ಳಿಯಲ್ಲಿ ಮಣ್ಣಿನ ಕೋಟೆ ಹಾಕಿದರು. ಆ ಕೋಟೆಗೆ ಮುತ್ತಿಗೆ ಹಾಕಿದಾಗಲೇ, 1749ರಲ್ಲಿ, ಹೈದರಾಲಿ ಅನ್ನೋ ಹೆಸರು ಮೈಸೂರಿನ ಸೈನ್ಯದಲ್ಲಿ ಮೊದಲು ಕೇಳಿಬಂದದ್ದು. ಅವನ ಮಗ ಟಿಪ್ಪು ಹುಟ್ಟಿದ್ದೂ ಅದೇ ಊರಲ್ಲಿ.

ಈಗ ಮ್ಯಾಪ್ ತೆಗೆದು ಬೆರಳಿಟ್ಟು ನೋಡಿ. ಆವತಿ, ದೇವನಹಳ್ಳಿ, ಯಲಹಂಕ, ಬೆಂಗಳೂರು. ಉತ್ತರದಿಂದ ದಕ್ಷಿಣಕ್ಕೆ ಒಂದೇ ಸಾಲು. ಕೆಂಪೇಗೌಡರ ಮನೆತನ ಮೂರ್ನಾಲ್ಕು ತಲೆಮಾರಿನಲ್ಲಿ ನಡೆದು ಬಂದ ದಾರಿ ಅದು. ಇವತ್ತು ವಿಮಾನ ಇಳಿದವರು ಊರಿಗೆ ಬರುವ ದಾರಿಯೂ ಅದೇ! ಏರ್‌ಪೋರ್ಟ್ ರಸ್ತೆ ಅಂದ್ರೆ ಮೊನ್ನೆ ಮೊನ್ನೆ ಹಾಕಿದ ರಸ್ತೆ ಅಂದುಕೊಂಡಿದ್ದೀವಿ. ಬೆಂಗಳೂರು ಹುಟ್ಟುವ ಮುಂಚೆಯೇ ಆ ಸಾಲಿನಲ್ಲಿ ಊರುಗಳಿದ್ದವು, ಜನ ಓಡಾಡ್ತಾ ಇದ್ದರು. ಬೆಂಗಳೂರೇ ಈ ದಾರಿಯಲ್ಲಿ ಬಂದದ್ದು.

ಹಳೇ ಪೇಟೆಗೆ ನಾಲ್ಕು ದಿಕ್ಕಿನಲ್ಲಿ ಬಾಗಿಲುಗಳಿದ್ದವು. ಉತ್ತರದ ಬಾಗಿಲಿನ ಹೆಸರು ಯಲಹಂಕ ಬಾಗಿಲು. ಇವತ್ತಿನ ಮೈಸೂರು ಬ್ಯಾಂಕ್ ಸರ್ಕಲ್ ಪಕ್ಕ, ಅವೆನ್ಯೂ ರಸ್ತೆ ಶುರುವಾಗುವ ಕಡೆ. ಬಾಗಿಲು ಹೋಯ್ತು, ಅಲ್ಲಿ ಆಂಜನೇಯನ ಗುಡಿ ಉಳಿದಿದೆ. ಉತ್ತರದಿಂದ ಬಂದವನಿಗೆ ಅವತ್ತು "ಬೆಂಗಳೂರು ಎಲ್ಲಿ" ಅಂತ ಕೇಳುವ ಅಗತ್ಯವೇ ಇರಲಿಲ್ಲ. ದಾರಿ ಬಾಗಿಲಿಗೇ ತಂದು ಬಿಡ್ತಾ ಇತ್ತು.

ಬಸ್ಸು ಹೆದ್ದಾರಿಗೆ ಬಂತು. ಇದು ಶ್ರೀನಗರದಿಂದ ಕನ್ಯಾಕುಮಾರಿಗೆ ಹೋಗುವ 44ನೇ ರಾಷ್ಟ್ರೀಯ ಹೆದ್ದಾರಿ, ಮೊದಲು 7ನೇ ನಂಬರ್ ಇತ್ತು. ಊರೊಳಗೆ ಬಂದರೆ ಇದೇ ಬಳ್ಳಾರಿ ರಸ್ತೆ. ಹಿರಿಯರ ಹೆಂಡತಿಗೆ ಜೊಂಪು ಹತ್ತಿತ್ತು. ಅವರು ಮೆತ್ತಗೆ ಕೇಳಿದರು, "ಇಲ್ಲಿ ರೈಲಿಲ್ಲೇನ್ರಿ? ಆಕಿಗೆ ರೈಲಾದ್ರ ಸ್ವಲ್ಪ ಆರಾಮ ಇರ್ತಿತ್ತು."

ವೀಕ್ಷಕರೇ, ಇಲ್ಲಿಗೆ ಬಂದೆ ನೋಡಿ ನಾನು. ಈ ಒಂದು ಪ್ರಶ್ನೆಗೆ ಉತ್ತರ ಹೇಳೋದಕ್ಕೆ ನೂರು ವರ್ಷದ ಕಥೆ ಬೇಕು.

ರೈಲಿದೆ. ವಿಮಾನ ನಿಲ್ದಾಣ ಬಂದ ಮೇಲೆ ಬಂದದ್ದಲ್ಲ, ಅದಕ್ಕಿಂತ 93 ವರ್ಷ ಮುಂಚೆ ಬಂದದ್ದು. 1915ರಲ್ಲಿ ಬೆಂಗಳೂರಿನ ಕಡೆಯಿಂದ ದೇವನಹಳ್ಳಿ ಮೇಲೆ ಚಿಕ್ಕಬಳ್ಳಾಪುರಕ್ಕೆ ರೈಲು ಹಾಕಿದರು. ಆಗ ಮೈಸೂರಿನ ದಿವಾನರು ಯಾರು? ಸರ್ ಎಂ. ವಿಶ್ವೇಶ್ವರಯ್ಯ. 1912ರಿಂದ 1918ರವರೆಗೆ ದಿವಾನರು. ಅವರ ಊರು ಮುದ್ದೇನಹಳ್ಳಿ ಚಿಕ್ಕಬಳ್ಳಾಪುರದ ಪಕ್ಕದಲ್ಲೇ ಇದೆ. ಹಳಿಯ ಅಗಲ ಎರಡೂವರೆ ಅಡಿ. ಈಗಿನ ಬ್ರಾಡ್‌ಗೇಜ್ ಐದೂವರೆ ಅಡಿ, ಅದರ ಅರ್ಧಕ್ಕಿಂತಲೂ ಕಡಿಮೆ. ಆಟಿಕೆಯ ಹಾಗಿದ್ದ ಗಾಡಿ. ಆದರೆ ಅದು ಮಾಡಿದ ಕೆಲಸ ಆಟಿಕೆಯದ್ದಲ್ಲ. ಚಿಕ್ಕಬಳ್ಳಾಪುರ ದಾಟಿ ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರ, ಕೋಲಾರ ಮುಟ್ಟಿ ಬಂಗಾರಪೇಟೆಯ ದೊಡ್ಡ ಲೈನಿಗೆ ಸೇರಿತು. ಶಿಡ್ಲಘಟ್ಟದ ರೇಷ್ಮೆ, ಚಿಕ್ಕಬಳ್ಳಾಪುರದ ಆಲೂಗಡ್ಡೆ, ಇಡೀ ಬಯಲುಸೀಮೆಯ ರೈತ, ಮೇಷ್ಟ್ರು, ಕೋರ್ಟಿಗೆ ಅಲೆಯುವವನು, ಎಲ್ಲರಿಗೂ ಬೆಂಗಳೂರಿನ ದಾರಿ ಅದು. ಬೆಟ್ಟಹಲಸೂರು, ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್. ಒಂದೊಂದು ಊರಿಗೂ ಒಂದೊಂದು ಸ್ಟೇಷನ್. ಆ ಹಳೇ ಸ್ಟೇಷನ್ ಕಟ್ಟಡಗಳಲ್ಲಿ ಕೆಲವು ಇವತ್ತಿಗೂ ನಿಂತಿವೆ, ಹೋಗಿ ನೋಡಬಹುದು.

ಆಮೇಲೆ ಹಳಿ ಬದಲಾಯಿತು, ಯಲಹಂಕದಿಂದ ಚಿಕ್ಕಬಳ್ಳಾಪುರದವರೆಗೆ ಬ್ರಾಡ್‌ಗೇಜ್ ಆಯಿತು. ಅದಾದ ಮೇಲೆ ಬಂತು ವಿಮಾನ ನಿಲ್ದಾಣ.

ಅದಕ್ಕೂ ಒಂದು ಕಥೆ ಇದೆ. 1940ರ ಡಿಸೆಂಬರ್‌ನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಶುರು ಮಾಡಿದರು. ಅದೇ ಇವತ್ತಿನ ಎಚ್‌ಎಎಲ್. ವಿಮಾನ ತಯಾರು ಮಾಡೋದಕ್ಕೆ ಅಂತ ಇದ್ದ ಆ ರನ್‌ವೇ ಮೇಲೇ ಆಮೇಲೆ ಪ್ರಯಾಣಿಕರ ವಿಮಾನಗಳೂ ಇಳಿದವು. ಅಲ್ಲಿಂದ ಎಂ.ಜಿ. ರಸ್ತೆಗೆ ಹತ್ತು ಕಿಲೋಮೀಟರ್ ಒಳಗೆ. ಹೊರಗೆ ಬಂದು ಆಟೋ ಹಿಡಿದರೆ ಮುಗೀತು. ಆದರೆ ಸಾಫ್ಟ್‌ವೇರ್ ಬಂತು, ಊರು ಉಬ್ಬಿತು. ಒಂದೇ ರನ್‌ವೇ, ಸುತ್ತಲೂ ಮನೆಗಳು, ಜೊತೆಗೆ ಸೈನ್ಯದ ವಿಮಾನಗಳ ಪರೀಕ್ಷಾ ಹಾರಾಟ. ಬೆಳೆಯೋದಕ್ಕೆ ಜಾಗ ಇರಲಿಲ್ಲ. ಹೊಸ ನಿಲ್ದಾಣಕ್ಕೆ ದೇವನಹಳ್ಳಿ ಆಗಬಹುದು ಅಂತ 1991ರಲ್ಲೇ ಸಮಿತಿ ಹೇಳಿತ್ತು. ಒಪ್ಪಂದ ಆದದ್ದು 2004ರಲ್ಲಿ, ಕೆಲಸ ಶುರುವಾದದ್ದು 2005ರಲ್ಲಿ. ಉದ್ಘಾಟನೆಯ ದಿನಾಂಕ ಒಂದಲ್ಲ ಎರಡಲ್ಲ, ಹಲವು ಸಲ ಮುಂದಕ್ಕೆ ಹೋಯಿತು. ಕೊನೆಗೆ 2008ರ ಮೇ 23ರ ಮಧ್ಯರಾತ್ರಿ ಕಳೆದು 24 ಶುರುವಾದಾಗ ದೇವನಹಳ್ಳಿ ತೆರೆಯಿತು, ಎಚ್‌ಎಎಲ್ ನಿಲ್ದಾಣಕ್ಕೆ ಸಾಮಾನ್ಯ ಪ್ರಯಾಣಿಕರ ವಿಮಾನ ಬರೋದು ನಿಂತಿತು.

ಆ ರಾತ್ರಿ ನಾನು ವರದಿಗಾರನಾಗಿ ಹೆಬ್ಬಾಳದ ಹತ್ತಿರ ಮೈಕ್ ಹಿಡಿದು ನಿಂತಿದ್ದೆ. ಬಂದ ಕಾರುಗಳನ್ನೆಲ್ಲ ನಿಲ್ಲಿಸಿ ಒಂದೇ ಪ್ರಶ್ನೆ ಕೇಳ್ತಾ ಇದ್ದೆ: "ಎಷ್ಟು ಹೊತ್ತಾಯ್ತು ಸಾರ್?" ಊರಿಗೆಲ್ಲ ಅದೇ ಚಿಂತೆ. ಹಳೇ ನಿಲ್ದಾಣವನ್ನೂ ಉಳಿಸಿ ಅಂತ ಕೂಗಿದವರೂ ಇದ್ದರು. ಆದರೆ ಒಪ್ಪಂದದಲ್ಲಿ ಇತ್ತಲ್ಲ, 150 ಕಿಲೋಮೀಟರ್ ಒಳಗೆ 25 ವರ್ಷ ಬೇರೆ ವಿಮಾನ ನಿಲ್ದಾಣ ಇಲ್ಲ ಅಂತ!

ಈಗ ಕೇಳಿ. ಅಷ್ಟೆಲ್ಲ ಚರ್ಚೆ ಆಯ್ತು. ಎಷ್ಟು ಲೇನ್ ರಸ್ತೆ, ಎಲ್ಲಿ ಫ್ಲೈಓವರ್, ಯಾವ ಟ್ಯಾಕ್ಸಿ. ನಾನೂ ಎಷ್ಟೋ ಚರ್ಚೆ ನಡೆಸಿದೆ. ನಿಲ್ದಾಣದ ಅಂಚಿನಲ್ಲೇ ಒಂದು ರೈಲು ಹೋಗ್ತಾ ಇತ್ತು. ಬೆಂಗಳೂರಿನಿಂದ ಬರೋ ರೈಲು. ಯಲಹಂಕ ದಾಟಿ, ದೊಡ್ಡಜಾಲ ದಾಟಿ, ವಿಮಾನ ನಿಲ್ದಾಣದ ಪಕ್ಕದಲ್ಲಿ ನಿಲ್ಲದೆ, ದೇವನಹಳ್ಳಿ ಮೇಲೆ ಚಿಕ್ಕಬಳ್ಳಾಪುರಕ್ಕೆ ಹೋಗ್ತಾ ಇತ್ತು. ಅಲ್ಲೊಂದು ಪ್ಲಾಟ್‌ಫಾರ್ಮ್ ಕಟ್ಟಿ ಆ ರೈಲನ್ನ ನಿಲ್ಲಿಸೋದಕ್ಕೆ ಎಷ್ಟು ವರ್ಷ ಬೇಕಾಯ್ತು ಗೊತ್ತಾ? ಹನ್ನೆರಡು ವರ್ಷಕ್ಕೂ ಜಾಸ್ತಿ. 2021ರ ಜನವರಿ 4ರಂದು ಮೊದಲ ಬಾರಿಗೆ ಅಲ್ಲಿ ರೈಲು ನಿಂತಿತು. ಟಿಕೆಟ್ 10ರಿಂದ 15 ರೂಪಾಯಿ! ಹಾಲ್ಟ್ ಸ್ಟೇಷನ್ನಿನಿಂದ ಟರ್ಮಿನಲ್‌ಗೆ ಶಟಲ್ ಬಸ್ಸು.

ಇದು ದುಡ್ಡಿಲ್ಲದೆ ತಡ ಆದದ್ದಾ? ಅದೇ ರಸ್ತೆಯಲ್ಲಿ ಮೇಲ್ಸೇತುವೆ ಬಂತು, ಸಾದಹಳ್ಳಿಯಲ್ಲಿ ಟೋಲ್ ಬಂತು. ಮಿನ್ಸ್ಕ್ ಸ್ಕ್ವೇರ್ ಹತ್ತಿರದಿಂದ ನಿಲ್ದಾಣಕ್ಕೆ ಹೈಸ್ಪೀಡ್ ರೈಲು ಅಂತ ಒಂದು ಯೋಜನೆ ಬಂದು ಕಾಗದದಲ್ಲೇ ಮಲಗಿತು. 2016ರಲ್ಲಿ ಬಸವೇಶ್ವರ ಸರ್ಕಲ್‌ನಿಂದ ಹೆಬ್ಬಾಳಕ್ಕೆ ಉಕ್ಕಿನ ಸೇತುವೆ ಅಂದರು. ಅಂದಾಜು ವೆಚ್ಚ 1,791 ಕೋಟಿ ರೂಪಾಯಿ, ಕಡಿಯಬೇಕಾದ ಮರ 812. ಅಕ್ಟೋಬರ್ 16ರಂದು ಸಾವಿರಾರು ಜನ ಕೈ ಕೈ ಹಿಡಿದು ರಸ್ತೆ ಬದಿಯಲ್ಲಿ ನಿಂತು ಬೇಡ ಅಂದರು. 2017ರ ಮಾರ್ಚ್‌ನಲ್ಲಿ ಸರ್ಕಾರ ಕೈಬಿಟ್ಟಿತು. ಕಾರಿನಲ್ಲಿ ಹೋಗೋರಿಗೆ ಕೆಲವು ನಿಮಿಷ ಉಳಿಸೋದಕ್ಕೆ ಸಾವಿರಾರು ಕೋಟಿಯ ಲೆಕ್ಕ ಸಲೀಸಾಗಿ ಬರುತ್ತೆ. ಇರೋ ರೈಲನ್ನ ನಿಲ್ಲಿಸೋ ಲೆಕ್ಕ ಮಾತ್ರ ಹನ್ನೆರಡು ವರ್ಷ ಯಾರ ತಲೆಗೂ ಹತ್ತಲಿಲ್ಲ. ಯಾಕೆ? ನನಗೆ ಅನ್ನಿಸೋದು ಇಷ್ಟೇ: ತೀರ್ಮಾನ ತಗೊಳ್ಳೋ ಕುರ್ಚಿಯಲ್ಲಿ ಕೂತವರು ಯಾರೂ ರೈಲಲ್ಲಿ ಬರ್ತಾ ಇರಲಿಲ್ಲ. ಮೈಕ್ ಹಿಡಿದ ನಾನೂ ಬರ್ತಾ ಇರಲಿಲ್ಲ. ಆ ರಾತ್ರಿ ನಾನು ಪ್ರಶ್ನೆ ಕೇಳಿದ್ದೂ ಕಾರಿನವರನ್ನೇ ಅಲ್ವಾ?

ಹೊರಗಡೆ ಹೇಗಿದೆ ನೋಡೋಣ. ಲಂಡನ್ನಿನ ಪಕ್ಕ ಗ್ಯಾಟ್ವಿಕ್ ಅಂತ ವಿಮಾನ ನಿಲ್ದಾಣ ಇದೆ. ಅಲ್ಲಿ 1936ರಲ್ಲೇ ಟರ್ಮಿನಲ್ ಕಟ್ಟುವಾಗ ರೈಲು ಸ್ಟೇಷನ್ನಿಗೆ ನೆಲದಡಿ ದಾರಿ ಮಾಡಿದ್ದರು. ಟಿಕೆಟ್ ತೋರಿಸಿ, ಮಳೆಯಲ್ಲಿ ನೆನೆಯದೆ ರೈಲಿಂದ ವಿಮಾನಕ್ಕೆ. ಅದು ಇಂಗ್ಲೆಂಡ್ ಬಿಡಿ ಸ್ವಾಮಿ ಅಂತೀರಾ? ಪಕ್ಕದ ಚೆನ್ನೈಗೆ ಬನ್ನಿ. ವಿಮಾನ ನಿಲ್ದಾಣದ ಎದುರಿಗೇ ರಸ್ತೆಯ ಆಚೆ ತಿರುಸೂಲಂ ಲೋಕಲ್ ರೈಲು ಸ್ಟೇಷನ್. ದೆಹಲಿಯಲ್ಲಿ 2011ರಿಂದ ಏರ್‌ಪೋರ್ಟ್ ಮೆಟ್ರೊ ಇದೆ, ಸುಮಾರು ಇಪ್ಪತ್ತು ನಿಮಿಷದಲ್ಲಿ ನ್ಯೂಡೆಲ್ಲಿ ಸ್ಟೇಷನ್ ಹತ್ತಿರ ಬಿಡುತ್ತೆ. ಅವತ್ತು ಬೆಳಿಗ್ಗೆ ನಾನು ಅದರಲ್ಲೇ ಹೋಗಿ ವಿಮಾನ ಹತ್ತಿದ್ದೆ.

ಬಸ್ಸು ಯಲಹಂಕ ಹತ್ತಿರ ಬಂತು. ಹಿರಿಯರು ಕೇಳಿದರು, "ನಿಮ್ಮೂರು ಯಾವುದ್ರಿ ಸರ?"

"ನಗರಗೆರೆ" ಅಂದೆ. ಗೌರಿಬಿದನೂರು ತಾಲ್ಲೂಕು, ಆಂಧ್ರದ ಗಡಿಯಲ್ಲಿದೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು. ನಮಗೆ ಬೆಂಗಳೂರು ಅಂದ್ರೆ ಗೌರಿಬಿದನೂರಿಗೆ ಬಸ್ಸು, ಅಲ್ಲಿಂದ ಪ್ಯಾಸೆಂಜರ್ ರೈಲು. ಹಿಂದೂಪುರದ ಕಡೆಯಿಂದ ಬರೋ ಆ ಲೈನು 1890ರ ದಶಕದ್ದು. ಅದೂ ಬಂದು ಸೇರೋದು ಎಲ್ಲಿ? ಇದೇ ಯಲಹಂಕದಲ್ಲಿ. ಚಿಕ್ಕಬಳ್ಳಾಪುರದ ರೈಲು, ಗೌರಿಬಿದನೂರಿನ ರೈಲು, ಬಳ್ಳಾರಿ ರಸ್ತೆ, ದೊಡ್ಡಬಳ್ಳಾಪುರ ರಸ್ತೆ, ಉತ್ತರದ ಎಲ್ಲ ದಾರಿಯೂ ಯಲಹಂಕದಲ್ಲಿ ಕೈ ಕುಲುಕಿ ಒಳಗೆ ಹೋಗ್ತಾವೆ. ಕೆಂಪೇಗೌಡರ ಕಾಲದಲ್ಲೂ ಹೀಗೇ, ಈಗಲೂ ಹೀಗೇ.

ಯಲಹಂಕ ಅಂದ ತಕ್ಷಣ ನನಗೆ ನಮ್ಮ ಚಿಕ್ಕಮ್ಮನ ಮಗ ನೆನಪಾದ. 2009ರಲ್ಲಿ ಕುವೈತ್‌ನಿಂದ ಮೊದಲ ಸಲ ರಜಕ್ಕೆ ಬಂದ. ಇಳಿದದ್ದು ರಾತ್ರಿ. ನಿಲ್ದಾಣದಿಂದ ನಮ್ಮೂರು ಉತ್ತರಕ್ಕೆ. ಅವನಿಗೆ ಸಿಕ್ಕ ಬಸ್ಸು ದಕ್ಷಿಣಕ್ಕೆ. ಮೆಜೆಸ್ಟಿಕ್‌ಗೆ ಹೋಗಿ, ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ಬೆಳಗಿನ ತನಕ ಕೂತು, ಮತ್ತೆ ಯಲಹಂಕದ ಮೇಲೇ ವಾಪಸ್ ಗೌರಿಬಿದನೂರಿಗೆ ಬಂದ. ಎರಡು ವರ್ಷ ದುಡಿದು ಬಂದ ಮಗ, ಮನೆಗೆ ಬರೋದಕ್ಕೆ ಮನೆಗೆ ಬೆನ್ನು ಮಾಡಿ ಹೋಗಬೇಕಾಯ್ತು. ಚಿಕ್ಕಮ್ಮ ಆವತ್ತು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ಅಲ್ಲ ಕಣಪ್ಪಾ, ವಿಮಾನ ನಮ್ಮ ಸೀಮೆಗೇ ಬರುತ್ತೆ ಅಂದ್ರಲ್ಲ. ನಮ್ಮ ಹುಡುಗ ಮಾತ್ರ ಬೆಂಗಳೂರು ಸುತ್ತಿ ಬಂದ."

ಭೂಮಿ ಕೊಟ್ಟಿದ್ದು ಈ ಸೀಮೆ. ದೇವನಹಳ್ಳಿಯ ಚಕ್ಕೋತಕ್ಕೆ ಒಂದು ಹೆಸರಿತ್ತು, ಭೌಗೋಳಿಕ ಗುರುತಿನ ಪಟ್ಟಿಯಲ್ಲೂ ಅದು ಸೇರಿದೆ. ಆ ಹಣ್ಣಿನ ತೋಟಗಳು ಕಡಿಮೆಯಾದವು. ಹಳ್ಳಿಗಳ ಹೊಲ ರನ್‌ವೇ ಆಯ್ತು, ಲೇಔಟ್ ಆಯ್ತು. ಬೆಳವಣಿಗೆ ಬೇಡ ಅಂತ ನಾನು ಹೇಳ್ತಾ ಇಲ್ಲ. ಭೂಮಿ ಕೊಟ್ಟವನಿಗೂ, ಕೈಯಲ್ಲಿ ನೂರು ರೂಪಾಯಿ ಇಟ್ಟುಕೊಂಡು ಬರೋನಿಗೂ ಆ ಬಾಗಿಲಿಂದ ಒಂದು ದಾರಿ ಇರಬೇಕಲ್ವಾ?

ಹಿರಿಯರಿಗೆ ನಮ್ಮ ತಾಲ್ಲೂಕಿನ ಇನ್ನೊಬ್ಬರ ಕಥೆಯನ್ನೂ ಹೇಳಿದೆ. ಗೌರಿಬಿದನೂರು ತಾಲ್ಲೂಕಿನ ಹೊಸೂರು ಅನ್ನೋ ಹಳ್ಳಿಯಲ್ಲಿ ಒಬ್ಬ ಬಡ ಹುಡುಗ. ಹೆಸರು ನರಸಿಂಹಯ್ಯ. 1935ರಲ್ಲಿ, ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿನಲ್ಲಿ ಓದೋ ಅವಕಾಶ ಇದೆ ಅಂತ ಮೇಷ್ಟ್ರಿಂದ ಗೊತ್ತಾಯ್ತು. ಆಗ ನಮ್ಮ ಸೀಮೆಗೆ ರೈಲು ಬಂದು ನಲವತ್ತು ವರ್ಷ ಆಗಿತ್ತು. ಟಿಕೆಟ್ಟಿಗೆ ಕಾಸಿರಲಿಲ್ಲ. ಹುಡುಗ ನಡೆದ. ಸುಮಾರು 85 ಕಿಲೋಮೀಟರ್, ಎರಡು ದಿನ. ಮರುವರ್ಷ ಗಾಂಧೀಜಿ ಆ ಶಾಲೆಗೆ ಬಂದಾಗ ಅವರ ಹಿಂದಿ ಮಾತನ್ನು ಕನ್ನಡಕ್ಕೆ ಹೇಳಿದ್ದು ಇದೇ ಹುಡುಗ. ಮುಂದೆ ಅಮೆರಿಕದ ಓಹಾಯೊಗೆ ಹೋಗಿ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಮಾಡಿ ಬಂದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆದರು, ಪದ್ಮಭೂಷಣ ಬಂತು. ಆದರೂ ಬಸವನಗುಡಿ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆ ಬಿಡಲಿಲ್ಲ. ನಾವೆಲ್ಲ 'ಎಚ್ಚೆನ್' ಅನ್ನೋ ಡಾ. ಎಚ್. ನರಸಿಂಹಯ್ಯ ಅವರೇ ಅವರು.

ನಾನು ಈ ಕಥೆ ಯಾಕೆ ಹೇಳ್ತಿದ್ದೀನಿ? ಕಷ್ಟಪಟ್ಟು ನಡೆದರೆ ದೊಡ್ಡವರಾಗ್ತಾರೆ ಅಂತ ಹೇಳೋದಕ್ಕಲ್ಲ. ರೈಲು ಇದ್ದೂ ಆ ಹುಡುಗ ನಡೆಯಬೇಕಾಗಿ ಬಂತಲ್ಲ, ಅದಕ್ಕೆ. ದಾರಿ ಇರೋದು ಬೇರೆ, ಆ ದಾರಿ ನಿನಗೂ ಉಂಟು ಅನ್ನೋದು ಬೇರೆ. 1935ರಲ್ಲೂ ಇದೇ ಪ್ರಶ್ನೆ, ಇವತ್ತೂ ಇದೇ ಪ್ರಶ್ನೆ. ಎಚ್ಚೆನ್ ಅವರು ನಡೆದು ಮುಟ್ಟಿದರು. ಎಷ್ಟು ಮಕ್ಕಳು ಅರ್ಧಕ್ಕೇ ಊರಿಗೆ ವಾಪಸಾದರೋ, ಅವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

ಹೆಬ್ಬಾಳ ಬಂತು. ಬಸ್ಸು ನಿಂತಿತು. ನಿಂತೇ ಇತ್ತು. ಹಿರಿಯರು ಕಿಟಕಿಯಿಂದ ನೋಡಿ, "ಇದು ಬೆಂಗಳೂರೇನ್ರಿ?" ಅಂದರು. "ಹೌದು, ಈಗ ಬಂತು" ಅಂದೆ. ಪಕ್ಕದ ಸೀಟಿನವರೆಲ್ಲ ನಕ್ಕರು.

ಹೊರಗೆ ಮೆಟ್ರೊ ಕಂಬಗಳ ಕೆಲಸ ಕಾಣ್ತಾ ಇತ್ತು. ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರ, ಹೆಬ್ಬಾಳ ಮೇಲೆ ವಿಮಾನ ನಿಲ್ದಾಣಕ್ಕೆ ಹೋಗುವ 58 ಕಿಲೋಮೀಟರ್ ಮೆಟ್ರೊಗೆ ಕೇಂದ್ರ ಸಂಪುಟ ಒಪ್ಪಿದ್ದು 2021ರ ಏಪ್ರಿಲ್‌ನಲ್ಲಿ. ಉಪನಗರ ರೈಲು ಯೋಜನೆಗೆ 2022ರ ಜೂನ್‌ನಲ್ಲಿ ಪ್ರಧಾನಿ ಶಂಕುಸ್ಥಾಪನೆ ಮಾಡಿದರು. ಅದರ ನಾಲ್ಕು ಮಾರ್ಗಕ್ಕೂ ಚಂದದ ಹೂವಿನ ಹೆಸರು. ನಗರದ ಮುಖ್ಯ ಸ್ಟೇಷನ್ನಿನಿಂದ ಯಲಹಂಕ, ದೇವನಹಳ್ಳಿ ಕಡೆಗೆ ಹೋಗೋದು 'ಸಂಪಿಗೆ'. ಆದರೆ ಕೆಲಸ ಮೊದಲು ಶುರುವಾದದ್ದು ಬೇರೆ ಮಾರ್ಗದಲ್ಲಿ. ಸಂಪಿಗೆ ಇನ್ನೂ ಮೊಗ್ಗು. ಅರಳಲಿ, ನಾನೂ ಕಾಯ್ತೀನಿ. ಅಲ್ಲಿಯ ತನಕ?

ಮೇಖ್ರಿ ಸರ್ಕಲ್ ಹತ್ತಿರ ಬಂದಾಗ ಕತ್ತಲಾಗಿತ್ತು. ಅಲ್ಲಿ ರಸ್ತೆಯ ಪಕ್ಕದ ಉದ್ಯಾನದಲ್ಲಿ ಒಂದು ಪುಟ್ಟ ಕಲ್ಲಿನ ಗೋಪುರ ಇದೆ. ಕೆಂಪೇಗೌಡರ ಮನೆತನ ಕಟ್ಟಿದ ನಾಲ್ಕು ಗಡಿಗೋಪುರಗಳಲ್ಲಿ ಉತ್ತರದ್ದು ಇದು. ಊರು ಇಲ್ಲಿಯ ತನಕ ಬೆಳೀಬಹುದು ಅಂತ ಅವರು ಹಾಕಿದ ಗುರುತು ಅಂತ ಜನ ಹೇಳ್ತಾರೆ. ಹಿರಿಯರಿಗೆ ಹೇಳಿದೆ. ಅವರು ತಿರುಗಿ ಹಿಂದೆ ನೋಡಿದರು. "ಅಂದ್ರ, ಅವಾಗ ಊರು ಶುರುವಾಗೋದು ಇಲ್ಲೇನ್ರಿ. ನಾವು ಇಷ್ಟೊತ್ತು ಬಂದದ್ದೆಲ್ಲ ಊರ ಹೊರಗ."

ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಹತ್ತಿ, ಕೆಂಪೇಗೌಡರ ಗೋಪುರ ದಾಟಿ, ಇಳಿದದ್ದು ಕೆಂಪೇಗೌಡ ಬಸ್ ನಿಲ್ದಾಣದಲ್ಲಿ. ಅದು ಹಿಂದೆ ಧರ್ಮಾಂಬುಧಿ ಕೆರೆ ಆಗಿತ್ತು. ಕೆರೆಯ ಅಂಗಳದಲ್ಲೇ ಬಸ್ಸುಗಳು ನಿಲ್ತಾವೆ. ಮೊಮ್ಮಗ ಓಡಿ ಬಂದು ಅಜ್ಜಿಯ ಕೈ ಹಿಡಿದ. ಗಡಿಯಾರ ನೋಡಿದೆ. ಕಲಬುರಗಿಯಿಂದ ಬೆಂಗಳೂರಿಗೆ ಹಾರಿ ಬರೋದಕ್ಕೆ ಆಗಿದ್ದಕ್ಕಿಂತ, ಇಳಿದ ಮೇಲೆ ಬೆಂಗಳೂರಿಗೆ ಬರೋದಕ್ಕೆ ಜಾಸ್ತಿ ಹೊತ್ತಾಗಿತ್ತು.

ವೀಕ್ಷಕರೇ, ನನ್ನ ಬೇಡಿಕೆ ಮೂರೇ ಮೂರು. ಸಾವಿರ ಕೋಟಿಯದ್ದು ಒಂದೂ ಇಲ್ಲ.

ಒಂದು, ಆ ಹಾಲ್ಟ್ ಸ್ಟೇಷನ್ ಇದೆಯಲ್ಲ, ಅಲ್ಲಿ ರೈಲು ನಿಲ್ಲೋದು ಬೆರಳೆಣಿಕೆಯಷ್ಟು ಹೊತ್ತು. ವಿಮಾನ ಬರೋ ಹೊತ್ತಿಗೆ, ಕೆಲಸಗಾರರ ಪಾಳಿ ಬದಲಾಗೋ ಹೊತ್ತಿಗೆ ರೈಲು ಇರಲಿ. ಟರ್ಮಿನಲ್ ಕಸ ಗುಡಿಸೋ ಹೆಣ್ಣುಮಕ್ಕಳು, ಸೆಕ್ಯೂರಿಟಿ ಹುಡುಗರು, ಸಾಮಾನು ಹೊರೋರು, ಅವರೂ ದಿನಾ ಇದೇ ದಾರಿಯಲ್ಲಿ ಓಡಾಡೋರು.

ಎರಡು, ವಿಮಾನದಿಂದ ಇಳಿದವರಿಗೆ ಹೊರಬಾಗಿಲಲ್ಲೇ, ದೊಡ್ಡ ಕನ್ನಡ ಅಕ್ಷರದಲ್ಲಿ ಒಂದು ಬೋರ್ಡು. ಊರು ಇಷ್ಟು ದೂರ, ಬಸ್ಸಿಗೆ ಇಷ್ಟು, ರೈಲಿಗೆ ಇಷ್ಟು, ಮುಂದಿನದು ಇಷ್ಟು ಗಂಟೆಗೆ. ಓದು ಬಾರದವರಿಗೆ ಹೇಳೋದಕ್ಕೆ ಒಬ್ಬ ಮನುಷ್ಯ.

ಮೂರು, ರಾತ್ರಿ ಇಳಿದವನು ಬೆಂಗಳೂರಿನ ಕಡೆಗೆ ಮಾತ್ರ ಅಲ್ಲ, ಉತ್ತರದ ಕಡೆಗೂ ಹೋಗೋ ಹಾಗಿರಲಿ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು. ನಿಲ್ದಾಣ ಈ ಸೀಮೆಯದ್ದೂ ಹೌದು ಅನ್ನೋದು ಬಸ್ಸಿನ ಬೋರ್ಡಿನಲ್ಲಿ ಕಾಣಲಿ.

ಹೋಗುವ ಮುಂಚೆ ಹಿರಿಯರು ನನ್ನ ಕೈ ಹಿಡಿದುಕೊಂಡರು. "ನೀವು ಇರದಿದ್ರ ನಾ ಆ ಮೂರು ಸಾವಿರ ಕೊಟ್ಟೇ ಬಿಡ್ತಿದ್ದೆ ಸರ. ಮತ್ತ ನಾಳೆ ಔಷಧಿಗಿ ಕಮ್ಮಿ ಬೀಳ್ತಿತ್ತು" ಅಂದರು. ಒಂದು ಹೆಜ್ಜೆ ಹೋಗಿ ಮತ್ತೆ ತಿರುಗಿ ಕೇಳಿದರು: "ವಾಪಸ್ ಹೋಗುವಾಗ ಆ ಸಣ್ಣ ರೈಲು ಎಷ್ಟೊತ್ತಿಗಿ ಅದರಿ?"

ನನಗೆ ಗೊತ್ತಿರಲಿಲ್ಲ. ಇಪ್ಪತ್ತು ವರ್ಷ ಈ ಊರಿನ ಸುದ್ದಿ ಓದಿದವನು ನಾನು. ಫೋನ್ ತೆಗೆದು ವೇಳಾಪಟ್ಟಿ ಹುಡುಕಿದೆ. ಅವರ ವಿಮಾನದ ಹೊತ್ತಿಗೆ ರೈಲಿರಲಿಲ್ಲ.